ಮೂರು ಬಂದಿತ್ತು, ನಾಲ್ಕು ಬರೆದೆ

ಹೋದ ವಿಡಿಯೋ ನೋಡಿದ ಕೆಲವರು "ಸಾರ್, ಲೆಕ್ಕ ಬಂದಾಗ ಸ್ವಲ್ಪ ಜೋರಾಗಿ ಓಡಿಬಿಟ್ರಿ, ಬರಹದಲ್ಲಿ ಹಾಕಿ" ಅಂತ ಕೇಳಿದ್ದೀರಿ. ಹಾಗಾಗಿ ಆ ಮಾತನ್ನೇ ಇಲ್ಲಿ ಬರೆದು ಹಾಕ್ತಿದ್ದೀನಿ. ವಿಡಿಯೋದಲ್ಲಿ ತಡವರಿಸಿದ ಕಡೆ ಸರಿಮಾಡಿದ್ದೀನಿ, ಎರಡು ಲೆಕ್ಕಗಳನ್ನು ಬಿಡಿಸಿ ಬರೆದಿದ್ದೀನಿ. ಬೆಳಿಗ್ಗೆ ಕಂಪನಿ ಬಸ್ಸಲ್ಲಿ ಕೂತು ಓದೋರಿಗೆ ಪೆನ್ನು ಪೇಪರ್ ಬೇಕಾಗಲ್ಲ, ಫೋನಿನ ಕ್ಯಾಲ್ಕ್ಯುಲೇಟರ್ ಸಾಕು.

ಇದು ಶುರುವಾಗಿದ್ದು ನಮ್ಮ ಮನೆಯ ಊಟದ ಮೇಜಿನ ಮೇಲೆ. ಮಗಳು ಈಗ ಹನ್ನೊಂದನೇ ಕ್ಲಾಸು, ಇಲ್ಲೇ ಪುಣೆಯಲ್ಲಿ. ರಸಾಯನಶಾಸ್ತ್ರದ ಪುಸ್ತಕ ಹಿಡ್ಕೊಂಡು ಬಂದಳು. "ಅಪ್ಪ, ಈ ಸಮತೋಲನ ಸ್ಥಿರಾಂಕ ಅಂತಾರಲ್ಲ, ಕೆ. ಆಸಿಡ್ ಜಾಸ್ತಿ ಹಾಕಿದ್ರೂ ಅದೇ, ಕಮ್ಮಿ ಹಾಕಿದ್ರೂ ಅದೇ. ಇದನ್ನ ಯಾರು ಕಂಡುಹಿಡಿದಿದ್ದು? ಅವರಿಗೆ ಹೇಗೆ ಗೊತ್ತಾಯ್ತು?" ನಾನು ಫೋನಿನಿಂದ ತಲೆ ಎತ್ತದೇ "ಅದು ಫಾರ್ಮುಲಾ ಪುಟ್ಟಾ, ಬಾಯಿಪಾಠ ಮಾಡ್ಕೋ" ಅಂದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು. "ನೀನು ಎಮ್ಮೆಸ್ಸಿ ಕೆಮಿಸ್ಟ್ರಿ ಮಾಡಿದ್ದೀಯ ಅಲ್ವಾ?"

ಮಾಡಿದ್ದೆ. ಆಮೇಲೆ ನಿಮ್ಮಲ್ಲಿ ಎಷ್ಟೋ ಜನರ ಹಾಗೆ ಒಂದು ಸಾಫ್ಟ್‌ವೇರ್ ಕೋರ್ಸ್, ಒಂದು ಸೂಟ್‌ಕೇಸ್, ಒಂದು ರಾತ್ರಿ ಬಸ್ಸು. ಈಗ ಡೇಟಾ ತಂಡದಲ್ಲಿ ಕೆಲಸ. ಅವಳ ಪ್ರಶ್ನೆಗಿಂತ ನನ್ನ ಉತ್ತರ ನನಗೆ ಚುಚ್ಚಿತು. ಅದರ ಹಿಂದೆ ಇನ್ನೊಂದು ಹಳೇ ವಿಷಯವೂ ಇತ್ತು. ಈ ಸ್ಥಿರಾಂಕವನ್ನು ನಾನೇ ಒಮ್ಮೆ ಕೈಯಾರೆ ಅಳೆದಿದ್ದೆ, ಮತ್ತು ಸುಳ್ಳು ಬರೆದಿದ್ದೆ. ಅದನ್ನ ಕೊನೆಯಲ್ಲಿ ಹೇಳ್ತೀನಿ. ಮೊದಲು ಅವಳ ಪ್ರಶ್ನೆ.

ಪಿಜಿಯಲ್ಲಿ ಖಾಲಿ ಬೆಡ್ ಇಲ್ಲ

ನಾನು ಮೊದಲು ಇಲ್ಲಿಗೆ ಬಂದಾಗ ಹಿಂಜವಾಡಿ ಹತ್ತಿರ ಒಂದು ಪಿಜಿಯಲ್ಲಿದ್ದೆ. ನಲವತ್ತು ಬೆಡ್. ಯಾವಾಗ ಹೋಗಿ ಕೇಳಿದರೂ ಮೂವತ್ತೆಂಟೋ ಮೂವತ್ತೊಂಬತ್ತೋ ಜನ ಇರ್ತಿದ್ದರು. ಆದರೆ ಆರು ತಿಂಗಳಿಗೆ ಮುಖಗಳೆಲ್ಲ ಬೇರೆ. ಯಾರೋ ಬಿಟ್ಟು ಹೋಗ್ತಾರೆ, ಯಾರೋ ಬರ್ತಾರೆ. ಹೋಗುವ ವೇಗ ಮತ್ತು ಬರುವ ವೇಗ ಒಂದೇ ಆದ್ದರಿಂದ ಲೆಕ್ಕ ಮಾತ್ರ ನಿಂತಿದೆ. ರಾಸಾಯನಿಕ ಸಮತೋಲನ ಅಂದ್ರೆ ಇಷ್ಟೇ. ವಿನೆಗರ್‌ನಲ್ಲಿರುವ ಅಸಿಟಿಕ್ ಆಸಿಡ್ ಮತ್ತು ಆಲ್ಕೋಹಾಲ್ ಸೇರಿದರೆ ಎಸ್ಟರ್ ಮತ್ತು ನೀರು ಆಗ್ತವೆ. ಅದೇ ಹೊತ್ತಿಗೆ ಎಸ್ಟರ್ ಮತ್ತು ನೀರು ಸೇರಿ ಮತ್ತೆ ಆಸಿಡ್, ಆಲ್ಕೋಹಾಲ್ ಆಗ್ತಿರುತ್ತವೆ. ಎರಡೂ ವೇಗ ಸಮವಾದಾಗ ಹೊರಗಿನಿಂದ ನೋಡುವವನಿಗೆ ಎಲ್ಲ ನಿಂತುಬಿಟ್ಟ ಹಾಗೆ ಕಾಣುತ್ತದೆ. ಒಳಗೆ ಏನೂ ನಿಂತಿಲ್ಲ.

ಇದು ಇವತ್ತು ಸುಲಭವಾಗಿ ಕೇಳಿಸುತ್ತದೆ. ಆದರೆ ಹದಿನೆಂಟನೇ ಶತಮಾನದ ರಸಾಯನಶಾಸ್ತ್ರಜ್ಞರು ಹೀಗೆ ಯೋಚಿಸಿರಲಿಲ್ಲ. ಅವರ ಪ್ರಕಾರ ಪ್ರತಿ ವಸ್ತುವಿಗೂ ಇನ್ನೊಂದರ ಮೇಲೆ ಒಂದು 'ಒಲವು' ಇದೆ. ಹೆಚ್ಚು ಒಲವಿರುವುದು ಕಮ್ಮಿ ಒಲವಿರುವುದನ್ನು ಪೂರ್ತಿ ಆಚೆ ತಳ್ಳಿ ಆ ಜಾಗದಲ್ಲಿ ಕೂರುತ್ತದೆ, ಅಲ್ಲಿಗೆ ಮುಗೀತು. 1718ರಲ್ಲಿ ಫ್ರಾನ್ಸಿನ ಜೆಫ್ರಾ, 1775ರಲ್ಲಿ ಸ್ವೀಡನ್ನಿನ ಬರ್ಗ್‌ಮನ್ ಇಂಥ ಒಲವುಗಳ ದೊಡ್ಡ ಪಟ್ಟಿಗಳನ್ನೇ ಮಾಡಿದ್ದರು. ಆ ಪಟ್ಟಿಗಳಲ್ಲಿ ಮುಖ್ಯವಾದದ್ದು ಯಾರು ಯಾರಿಗಿಂತ ಮೇಲೆ ಅನ್ನುವ ಸಾಲು. 'ಎಷ್ಟು ಹಾಕಿದಿರಿ' ಅನ್ನುವ ಪ್ರಶ್ನೆಗೆ ಅಲ್ಲಿ ಜಾಗ ಇರಲಿಲ್ಲ.

ನೆಪೋಲಿಯನ್ ಜೊತೆ ಹೋದ ರಸಾಯನಶಾಸ್ತ್ರಜ್ಞ

1798ರಲ್ಲಿ ನೆಪೋಲಿಯನ್ ಈಜಿಪ್ಟ್ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಜೊತೆ ವಿದ್ವಾಂಸರ ಒಂದು ದಂಡನ್ನೂ ಕರ್ಕೊಂಡು ಹೋಗಿದ್ದ. ಅವರಲ್ಲಿ ಕ್ಲೋದ್ ಲೂಯಿ ಬರ್ತೊಲೆ ಒಬ್ಬರು. ಮರುಭೂಮಿಯಲ್ಲಿ ನ್ಯಾಟ್ರಾನ್ ಸರೋವರಗಳ ದಡಕ್ಕೆ ಹೋದಾಗ ಅವರಿಗೆ ಒಂದು ವಿಚಿತ್ರ ಕಂಡಿತು. ದಡದ ತುಂಬ ಸೋಡಾ, ಅಂದರೆ ಸೋಡಿಯಂ ಕಾರ್ಬನೇಟ್, ಹೆಪ್ಪುಗಟ್ಟಿ ಕೂತಿತ್ತು. ಸುತ್ತ ಇದ್ದದ್ದು ಸುಣ್ಣಕಲ್ಲು, ನೀರಿನಲ್ಲಿದ್ದದ್ದು ಉಪ್ಪು.

ಇದರಲ್ಲಿ ವಿಚಿತ್ರ ಏನು? ಪ್ರಯೋಗಶಾಲೆಯಲ್ಲಿ ಸೋಡಾ ದ್ರಾವಣಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಸುಣ್ಣಕಲ್ಲಿನ ಪುಡಿ ತಳಕ್ಕಿಳಿಯುತ್ತದೆ, ಉಪ್ಪು ನೀರಿನಲ್ಲಿ ಉಳಿಯುತ್ತದೆ. ಎಲ್ಲರಿಗೂ ಗೊತ್ತಿದ್ದ ದಾರಿ ಅದು. ಈ ಸರೋವರದಲ್ಲಿ ನಡೆದಿರುವುದು ಅದರ ಉಲ್ಟಾ! ಉಪ್ಪು ಮತ್ತು ಸುಣ್ಣಕಲ್ಲು ಸೇರಿ ಸೋಡಾ ಆಗಿದೆ. ಬರ್ತೊಲೆ ಹೇಳಿದ್ದು ಇದು: ಉಪ್ಪು ಇಲ್ಲಿ ರಾಶಿ ರಾಶಿ ಇದೆ, ಆದ ಸೋಡಾ ದಡಕ್ಕೆ ಬಂದು ಕೂತು ಆಟದಿಂದ ಹೊರಗೆ ಹೋಗ್ತಿದೆ, ಹಾಗಾಗಿ ಕ್ರಿಯೆ ಹಿಂದಕ್ಕೆ ನಡೆದಿದೆ. ಅಂದರೆ ಒಲವು ಒಂದೇ ಸಾಲದು, ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. 1803ರಲ್ಲಿ ಇದೇ ಯೋಚನೆಯನ್ನು ದೊಡ್ಡ ಪುಸ್ತಕವಾಗಿ ಬರೆದರು.

ಆದರೆ ಅವರು ಒಂದು ಹೆಜ್ಜೆ ಜಾಸ್ತಿ ಹೋದರು. ಪ್ರಮಾಣ ಬದಲಾದರೆ ಸಂಯುಕ್ತದ ಒಳಗಿನ ಪಾಲುಗಳೂ ಬದಲಾಗಬಹುದು ಅಂದುಬಿಟ್ಟರು. ಪ್ರೂಸ್ಟ್ ಅನ್ನುವ ಇನ್ನೊಬ್ಬ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಅಳೆದು, ಸಂಯುಕ್ತಗಳ ಪಾಲು ಸ್ಥಿರ ಅಂತ ತೋರಿಸಿದರು. ಬರ್ತೊಲೆ ಆ ವಾದ ಸೋತರು. ಆ ಸೋಲಿನ ಜೊತೆ ಅವರ ಸರಿಯಾದ ಮಾತೂ ಮೂಲೆಗೆ ಬಿತ್ತು. ನಮ್ಮ ಮೀಟಿಂಗುಗಳಲ್ಲೂ ಹೀಗೇ ಆಗುತ್ತೆ, ನೋಡಿರ್ತೀರಿ. ಒಬ್ಬ ಒಂದು ವಿಷಯದಲ್ಲಿ ತಪ್ಪಿದ ಅಂದ್ರೆ ಅವನ ಸರಿ ಮಾತನ್ನೂ ಆಮೇಲೆ ಯಾರೂ ಕೇಳಲ್ಲ.

ಮೂರರಲ್ಲಿ ಎರಡು ಪಾಲು

ಈಗ 1862ಕ್ಕೆ ಬರೋಣ. ಹೆಸರು ಗೊಂದಲ ಮಾಡ್ಕೋಬೇಡಿ, ಹಿಂದಿನವರು ಬರ್ತೊಲೆ, ಇವರು ಬರ್ತೆಲೊ. ಪ್ಯಾರಿಸ್ಸಿನ ಮಾರ್ಸೆಲಾ ಬರ್ತೆಲೊ ಮತ್ತು ಪೆಯಾಂ ದ ಸಾಂ-ಜಿಲ್ ಅನ್ನುವ ಇಬ್ಬರು ನಮ್ಮ ಎಸ್ಟರ್ ಕ್ರಿಯೆಯನ್ನೇ ಆರಿಸಿಕೊಂಡರು. ಈ ಆಯ್ಕೆಯೇ ಜಾಣತನ. ಯಾಕೆಂದರೆ ಇದು ಬಹಳ ನಿಧಾನದ ಕ್ರಿಯೆ. ಸುಮ್ಮನೆ ಇಟ್ಟರೆ ತಿಂಗಳುಗಟ್ಟಲೆ ತೆವಳುತ್ತದೆ. ಹಾಗಾಗಿ ಮಧ್ಯದಲ್ಲಿ ಯಾವಾಗ ಬೇಕಾದರೂ ತೆಗೆದು, ಉಳಿದ ಆಸಿಡ್ ಎಷ್ಟು ಅಂತ ಅಳೆಯಬಹುದು. ಅಳೆಯುವ ಹೊತ್ತಿನಲ್ಲಿ ಕ್ರಿಯೆ ಓಡಿಹೋಗಲ್ಲ.

ಅವರು ಕಂಡದ್ದು: ಒಂದು ಮೋಲ್ ಆಸಿಡ್, ಒಂದು ಮೋಲ್ ಆಲ್ಕೋಹಾಲ್ ಸೇರಿಸಿದರೆ ಎಷ್ಟು ಕಾದರೂ ಕ್ರಿಯೆ ಪೂರ್ತಿ ಆಗಲ್ಲ. ಸುಮಾರು 66.5 ಶೇಕಡಾಕ್ಕೆ ನಿಲ್ಲುತ್ತದೆ, ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು. ಇನ್ನೊಂದು ಕಡೆಯಿಂದ, ಅಂದರೆ ಬರೀ ಎಸ್ಟರ್ ಮತ್ತು ನೀರಿನಿಂದ ಹೊರಟರೂ ಅದೇ ಜಾಗಕ್ಕೇ ಬಂದು ನಿಲ್ಲುತ್ತದೆ. ಮುಂಬೈಯಿಂದ ಹೊರಟವನೂ ಬೆಂಗಳೂರಿಂದ ಹೊರಟವನೂ ಒಂದೇ ಊರಲ್ಲಿ ಇಳಿದ ಹಾಗೆ.

ಇಲ್ಲಿಂದ ಕೆ ಲೆಕ್ಕ ಮಾಡೋದು ಸುಲಭ. ಆದ ವಸ್ತುಗಳ ಗುಣಲಬ್ಧವನ್ನು ಉಳಿದ ವಸ್ತುಗಳ ಗುಣಲಬ್ಧದಿಂದ ಭಾಗಿಸಬೇಕು. ಎಸ್ಟರ್ ಮೂರರಲ್ಲಿ ಎರಡು, ನೀರೂ ಮೂರರಲ್ಲಿ ಎರಡು; ಗುಣಿಸಿದರೆ ಒಂಬತ್ತರಲ್ಲಿ ನಾಲ್ಕು. ಆಸಿಡ್ ಮೂರರಲ್ಲಿ ಒಂದು, ಆಲ್ಕೋಹಾಲ್ ಮೂರರಲ್ಲಿ ಒಂದು. ಗುಣಿಸಿದರೆ ಒಂಬತ್ತರಲ್ಲಿ ಒಂದು. ಭಾಗಿಸಿದರೆ 4. ಎರಡೂ ಕಡೆ ಎರಡೆರಡು ವಸ್ತು ಇರುವುದರಿಂದ ದ್ರಾವಣದ ಗಾತ್ರ ತಾನೇ ಹೊಡೆದುಹೋಗುತ್ತದೆ, ಲೀಟರ್ ಲೆಕ್ಕ ಬೇಕಾಗಲ್ಲ.

ಈ 4 ನಿಜವಾಗಿಯೂ ಸ್ಥಿರವಾ? ಪರೀಕ್ಷೆ ಮಾಡೋಣ. ಒಂದು ಮೋಲ್ ಆಸಿಡ್‌ಗೆ ಅರ್ಧ ಮೋಲ್ ಆಲ್ಕೋಹಾಲ್ ಮಾತ್ರ ಹಾಕಿ. ಆದ ಎಸ್ಟರ್ ಎಷ್ಟೋ ಗೊತ್ತಿಲ್ಲ, ಎಕ್ಸ್ ಅನ್ನಿ. ಎಕ್ಸ್ ವರ್ಗವನ್ನು (1 − ಎಕ್ಸ್) ಗುಣಿಸು (0.5 − ಎಕ್ಸ್) ಇಂದ ಭಾಗಿಸಿದರೆ 4 ಬರಬೇಕು. ಹೈಸ್ಕೂಲಿನ ವರ್ಗಸಮೀಕರಣ ಅಷ್ಟೇ. ಬಿಡಿಸಿದರೆ ಎಕ್ಸ್ 0.423. ಆ ಇಬ್ಬರು ಅಳೆದದ್ದು 0.414. ಈಗ ಎರಡು ಮೋಲ್ ಆಲ್ಕೋಹಾಲ್ ಹಾಕಿ. ಲೆಕ್ಕ ಹೇಳುವುದು 0.845, ಅಳತೆ ಹೇಳಿದ್ದು 0.858. ಗಾಜಿನ ಕೊಳವೆ ಮತ್ತು ಕೈ ತಕ್ಕಡಿಯ ಕಾಲಕ್ಕೆ ಇದು ಬಹಳ ಚೆನ್ನಾಗಿದೆ ಅಲ್ವಾ?

ಆದರೆ ಈ ಲೆಕ್ಕವನ್ನು ನಾನು ಈಗ ಮಾಡಿದೆ. 1862ರಲ್ಲಿ ಬರ್ತೆಲೊ ಹತ್ತಿರ ಅಂಕಿಗಳೆಲ್ಲ ಇದ್ದವು. ಎರಡೂ ಕಡೆಯ ಎಳೆತವನ್ನು ಒಂದೇ ಸಮೀಕರಣದಲ್ಲಿ ಕಟ್ಟುವ ಕೊನೆಯ ಗಂಟು ಮಾತ್ರ ಅವರು ಹಾಕಲಿಲ್ಲ. ಅದನ್ನು ಹಾಕಿದ್ದು ಇನ್ನೊಂದು ದೇಶದ, ಇನ್ನೊಂದು ಭಾಷೆಯ ಇಬ್ಬರು.

ಭಾವ ಭಾವಮೈದ

ನಾರ್ವೆಯ ಕ್ರಿಸ್ಟಿಯಾನಿಯಾ, ಇವತ್ತಿನ ಆಸ್ಲೊ. ಕಾಟೊ ಗುಲ್ಡ್‌ಬರ್ಗ್ ಗಣಿತದವರು, ಪೀಟರ್ ವಾಗೆ ರಸಾಯನಶಾಸ್ತ್ರದವರು. ಇಬ್ಬರೂ ಸ್ನೇಹಿತರು. ರಿಡರ್‌ವೋಲ್ಡ್ ಅನ್ನುವ ಮಂತ್ರಿಯೊಬ್ಬರ ಮನೆಯ ಅಕ್ಕತಂಗಿಯರನ್ನು ಮದುವೆಯಾಗಿ ನೆಂಟರೂ ಆದರು. ಮುಂದೆ ವಾಗೆಯವರ ಹೆಂಡತಿ ತೀರಿಕೊಂಡ ಮೇಲೆ ಅವರು ಗುಲ್ಡ್‌ಬರ್ಗ್ ಅವರ ತಂಗಿಯನ್ನು ಮದುವೆಯಾದರು, ಹಾಗಾಗಿ ನೆಂಟಸ್ತಿಕೆ ಎರಡು ಸುತ್ತು. ವಾಗೆ ಬರೀ ಸಿದ್ಧಾಂತದ ಮನುಷ್ಯ ಅಲ್ಲ. ಸಕ್ಕರೆ ಹಾಕದ ಗಟ್ಟಿ ಹಾಲು, ಹಡಗಿನವರಿಗೆ ಮೀನಿನ ಪುಡಿ, ಇಂಥ ಕೆಲಸಗಳಲ್ಲೂ ಕೈ ಹಾಕಿದವರು.

1864ರ ಮಾರ್ಚ್ 15ರಂದು ಇವರ ಪ್ರಬಂಧವನ್ನು ಕ್ರಿಸ್ಟಿಯಾನಿಯಾದ ವಿಜ್ಞಾನ ಸಂಘದಲ್ಲಿ ಓದಲಾಯಿತು. ಸಾರ ಇಷ್ಟು: ಮುಂದಕ್ಕೆ ತಳ್ಳುವ ಬಲ, ಹಿಂದಕ್ಕೆ ತಳ್ಳುವ ಬಲ ಎರಡೂ ಇವೆ. ಪ್ರತಿಯೊಂದು ಬಲವೂ ಆಯಾ ವಸ್ತುಗಳ 'ಸಕ್ರಿಯ ರಾಶಿ'ಯ ಮೇಲೆ ನಿಂತಿದೆ. ಸಕ್ರಿಯ ರಾಶಿ ಅಂದರೆ ಒಂದು ಗಾತ್ರದಲ್ಲಿ ಎಷ್ಟಿದೆ ಅನ್ನುವುದು, ನಾವು ಇವತ್ತು ಸಾಂದ್ರತೆ ಅನ್ನುತ್ತೇವೆ. ಎರಡು ಬಲ ಸಮವಾದಾಗ ಸಮತೋಲನ. ಎರಡು ಬಲಗಳ ಗುಣಾಂಕಗಳ ಅನುಪಾತವೇ ಮುಂದೆ ಕೆ ಆಯಿತು.

ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿಷಯ ಇದೆ. ಆ ಮೊದಲ ಪ್ರಬಂಧದಲ್ಲಿ ಸಾಂದ್ರತೆಗಳಿಗೆ ಯಾವ ಘಾತ ಹಾಕಬೇಕು ಅಂತ ಅವರಿಗೆ ಖಚಿತವಿರಲಿಲ್ಲ. ಹಾಗಾಗಿ ಘಾತಗಳನ್ನು ಖಾಲಿ ಅಕ್ಷರಗಳಾಗಿ ಬಿಟ್ಟರು. ಪ್ರಯೋಗ ಏನು ಕೊಡುತ್ತದೋ ಅದೇ ಘಾತ, ಪೂರ್ಣಾಂಕವೇ ಆಗಬೇಕು ಅನ್ನುವ ಹಟ ಇಲ್ಲ. ಅದು ಅಂತಿಮವಾಗಿ ಸರಿಯಾದ ರೂಪ ಅಲ್ಲ. 1867ರಲ್ಲಿ ಫ್ರೆಂಚಿನಲ್ಲಿ ಬರೆದಾಗ ಸರಳ ಗುಣಲಬ್ಧಕ್ಕೆ ಬಂದರು. 1879ರಲ್ಲಿ ಜರ್ಮನ್‌ನಲ್ಲಿ ಬರೆದಾಗ, ಸಮೀಕರಣದಲ್ಲಿ ಒಂದು ವಸ್ತುವಿನ ಎಷ್ಟು ಅಣು ಇವೆಯೋ ಅಷ್ಟೇ ಘಾತ ಅನ್ನುವ ಇವತ್ತಿನ ರೂಪಕ್ಕೆ ಬಂದರು. ಹದಿನೈದು ವರ್ಷ ಹಿಡಿಯಿತು. ಆದರೆ ಮೊದಲ ದಿನ ಅವರು ಚಂದ ಕಾಣುವ ಸಂಖ್ಯೆಗೆ ಅಳತೆಯನ್ನು ಬಗ್ಗಿಸಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕಥೆಗೆ ಬೇಕು.

ಇನ್ನೊಂದು ವಿಷಯ, ಇದು ನಮ್ಮಂಥವರಿಗೆ ತಾಗುವಂಥದ್ದು. 1864ರ ಪ್ರಬಂಧ ಇದ್ದದ್ದು ನಾರ್ವೆಯ ಭಾಷೆಯಲ್ಲಿ. ಪ್ಯಾರಿಸ್, ಬರ್ಲಿನ್ನಿನ ಪಂಡಿತರು ಅದನ್ನ ನೋಡಲೇ ಇಲ್ಲ. ಫ್ರೆಂಚಿನಲ್ಲಿ ಬಂದದ್ದೂ ಹೆಚ್ಚು ಜನಕ್ಕೆ ತಲುಪಲಿಲ್ಲ. ಕೋಪನ್‌ಹೇಗನ್ನಿನ ಯೂಲಿಯಸ್ ಥಾಮ್ಸನ್, ಆಮೇಲೆ ಯುವಕ ಓಸ್ಟ್‌ವಾಲ್ಡ್, ಹೀಗೆ ಬೆರಳೆಣಿಕೆಯ ಜನ ಗಮನಿಸಿದರು. 1877ರಲ್ಲಿ ಹಾಲೆಂಡಿನ ವಾನ್ಟ್ ಹಾಫ್, ಇವರ ಕೆಲಸ ಗೊತ್ತಿಲ್ಲದೆ ತಾವೇ ಅದೇ ನಿಯಮಕ್ಕೆ ಬಂದರು. ಅದನ್ನು ನೋಡಿಯೇ ಇವರು 1879ರಲ್ಲಿ ಜರ್ಮನ್‌ನಲ್ಲಿ ವಿವರವಾಗಿ ಬರೆದದ್ದು.

ಇದರಿಂದ 'ಸಣ್ಣ ಭಾಷೆಯಲ್ಲಿ ಬರೆದರೆ ವ್ಯರ್ಥ' ಅನ್ನುವ ಪಾಠ ತೆಗೆಯೋರು ಇದ್ದಾರೆ. ನಾನು ಹಾಗೆ ಓದಲ್ಲ. ಅವರು ಯೋಚಿಸಿದ್ದು, ಜಗಳ ಆಡಿದ್ದು, ತಿದ್ದಿಕೊಂಡದ್ದು ತಮ್ಮ ಭಾಷೆಯಲ್ಲಿ. ಊರಿನ ಸಂಘದಲ್ಲಿ ಎದ್ದು ನಿಂತು ಹೇಳಿದ್ದೂ ತಮ್ಮ ಭಾಷೆಯಲ್ಲಿ. ಜಗತ್ತಿಗೆ ಹೇಳುವಾಗ ಫ್ರೆಂಚು ಜರ್ಮನ್ ಹಿಡಿದರು. ಎರಡೂ ಬೇಕು. ಮಗಳಿಗೆ ಮನೆಯಲ್ಲಿ ಕನ್ನಡದಲ್ಲಿ ವಿವರಿಸಕ್ಕೆ ಬರದ ವಿಷಯ ನನಗೆ ಇಂಗ್ಲಿಷಿನಲ್ಲೂ ನಿಜವಾಗಿ ಗೊತ್ತಿರಲಿಲ್ಲ ಅನ್ನೋದು ಆ ರಾತ್ರಿ ನನಗೆ ತಿಳೀತು.

ಎರಡು ಬಾಣ, ಒಂದು ಪುಟ್ಟ ಸಂಖ್ಯೆ

ಮುಂದಿನದು ಬೇಗ ಹೇಳ್ತೀನಿ. 1884ರಲ್ಲಿ ವಾನ್ಟ್ ಹಾಫ್ ತಮ್ಮ ಪುಸ್ತಕದಲ್ಲಿ ಹಿಂದೆ ಮುಂದೆ ಎರಡು ಬಾಣಗಳ ಗುರುತು ತಂದರು, ಉಷ್ಣತೆ ಬದಲಾದರೆ ಕೆ ಹೇಗೆ ಬದಲಾಗುತ್ತದೆ ಅಂತಲೂ ತೋರಿಸಿದರು. ನಮ್ಮ ಪುಸ್ತಕಗಳಲ್ಲಿ ಕಾಣುವ ಅರ್ಧ ತಲೆಯ ಬಾಣಗಳು 1902ರವು, ಹ್ಯೂ ಮಾರ್ಷಲ್ ಅನ್ನುವವರ ಸಲಹೆ. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದದ್ದು ವಾನ್ಟ್ ಹಾಫ್‌ಗೇ.

1888ರಲ್ಲಿ ಓಸ್ಟ್‌ವಾಲ್ಡ್ ಇದೇ ನಿಯಮವನ್ನು ನೀರಿನಲ್ಲಿ ಕರಗಿದ ದುರ್ಬಲ ಆಸಿಡ್‌ಗಳಿಗೆ ಹಚ್ಚಿದರು. ಅಸಿಟಿಕ್ ಆಸಿಡ್ ನೀರಿನಲ್ಲಿ ಸ್ವಲ್ಪ ಮಾತ್ರ ಒಡೆದು ಅಯಾನುಗಳಾಗುತ್ತದೆ. ಲೀಟರಿಗೆ 0.1 ಮೋಲ್ ಇದ್ದರೆ ಒಡೆಯುವುದು ಸುಮಾರು 1.33 ಶೇಕಡಾ. ಹತ್ತು ಪಟ್ಟು ನೀರು ಹಾಕಿ ತೆಳು ಮಾಡಿದರೆ ಒಡೆಯುವುದು ಸುಮಾರು 4.15 ಶೇಕಡಾ. ಶೇಕಡಾ ಬದಲಾಯಿತು. ಆದರೆ ಒಡೆದ ಪಾಲಿನ ವರ್ಗವನ್ನು ಸಾಂದ್ರತೆಯಿಂದ ಗುಣಿಸಿ, ಒಡೆಯದ ಪಾಲಿನಿಂದ ಭಾಗಿಸಿ ನೋಡಿ: ಎರಡೂ ಸಲ 0.000018. ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು ಅಯಾನುಗಳ ಪಾಲು ತಿಳಿಯಬಹುದಿತ್ತು. ಒಂದು ಬಾಟಲಿಯನ್ನೂ ತೆರೆಯದೆ, ಬರೀ ಈ ಪುಟ್ಟ ಸಂಖ್ಯೆಯಿಂದ ಆಸಿಡ್ ಎಷ್ಟು ದುರ್ಬಲ ಅಂತ ಹೇಳಬಹುದು ಅನ್ನುವ ಕಾಲ ಬಂತು.

ಗುಂಡಿ ಹುಡುಕುವ ಪ್ರೋಗ್ರಾಂ

ಈಗ ನಿಮಗೆ ಇಷ್ಟವಾಗುವ ಭಾಗ. ಇಲ್ಲಿವರೆಗೆ ಒಂದು ಕ್ರಿಯೆ, ಒಂದು ಕೆ. ಆದರೆ ತಾಮ್ರದ ಸಲ್ಫೇಟಿಗೆ ಅಮೋನಿಯಾ ಹಾಕಿದ್ದು ನೆನಪಿದೆಯಾ, ಗಾಢ ನೀಲಿ ಬರುತ್ತಲ್ಲ? ತಾಮ್ರ ನಾಲ್ಕು ಅಮೋನಿಯಾ ಅಣುಗಳನ್ನು ಒಂದೇ ಏಟಿಗೆ ಹಿಡಿಯಲ್ಲ, ಒಂದೊಂದಾಗಿ ಹಿಡಿಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ಕೆ. ಎಲ್ಲ ಮೆಟ್ಟಿಲುಗಳೂ ಒಂದೇ ಬೀಕರಿನಲ್ಲಿ ಒಟ್ಟಿಗೆ ನಡೀತಿವೆ. 1941ರಲ್ಲಿ ಕೋಪನ್‌ಹೇಗನ್ನಿನಲ್ಲಿ ಯಾನಿಕ್ ಬ್ಯೆರುಮ್ ತಮ್ಮ ಪ್ರಬಂಧದಲ್ಲಿ ಇದಕ್ಕೆ ದಾರಿ ತೋರಿಸಿದರು. ಗಾಜಿನ ಎಲೆಕ್ಟ್ರೋಡ್ ಇಟ್ಟು ದ್ರಾವಣದಲ್ಲಿ ಬಿಡಿಯಾಗಿ ಉಳಿದ ಅಮೋನಿಯಾ ಎಷ್ಟು ಅಂತ ತಿಳಿಯುವುದು, ಹಾಕಿದ್ದರಲ್ಲಿ ಅದನ್ನು ಕಳೆಯುವುದು, ಒಂದು ತಾಮ್ರಕ್ಕೆ ಸರಾಸರಿ ಎಷ್ಟು ಅಮೋನಿಯಾ ಅಂಟಿದೆ ಅಂತ ಲೆಕ್ಕ ಹಾಕುವುದು. ಆ ಸರಾಸರಿಯ ಗ್ರಾಫಿನಿಂದ ಒಂದೊಂದೇ ಕೆ ಹೊರಗೆ ಬರುತ್ತದೆ.

ಗ್ರಾಫು ಎಷ್ಟು ದೂರ ಎಳೆಯಬಹುದು? ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟಿನಲ್ಲಿ 1950ರಿಂದ ಪ್ರೊಫೆಸರ್ ಆಗಿದ್ದ ಲಾರ್ಸ್ ಗುನ್ನಾರ್ ಸಿಲ್ಲೇನ್ ಅವರ ತಂಡಕ್ಕೆ ಈ ಮಿತಿ ಗೊತ್ತಾಯಿತು. ಅವರು ಹಿಡಿದದ್ದು ಇನ್ನೂ ಕಷ್ಟದ ವಿಷಯ: ಲೋಹದ ಅಯಾನುಗಳು ನೀರಿನ ಜೊತೆ ಸೇರಿ ಏನೇನಾಗುತ್ತವೆ ಅನ್ನುವುದು. ಬಿಸ್ಮತ್ ಲೋಹವನ್ನೇ ತಗೊಳ್ಳಿ. ಒಂದು ಬಿಸ್ಮತ್ ಒಂದು ಆಮ್ಲಜನಕ ಸೇರಿದ ಸರಳ ಅಯಾನು ದ್ರಾವಣದಲ್ಲಿ ಇದೆ ಅಂತ ಪುಸ್ತಕಗಳು ಬರೀತಿದ್ದವು. ಆ ತಂಡದ ಓಲಿನ್ ಸೂಕ್ಷ್ಮವಾಗಿ ಅಳೆದು 1957ರಲ್ಲಿ ತೋರಿಸಿದ್ದು, ಅಲ್ಲಿ ಮುಖ್ಯವಾಗಿ ಇರುವುದು ಆರು ಬಿಸ್ಮತ್ ಒಟ್ಟಿಗೆ ಕಟ್ಟಿಕೊಂಡ ದೊಡ್ಡ ಅಯಾನು ಅಂತ. ಪುಸ್ತಕದ ಮಾತು ಒಂದು, ಅಳತೆಯ ಮಾತು ಇನ್ನೊಂದು.

1960ರ ದಶಕದ ಶುರುವಿನಲ್ಲಿ ಸಿಲ್ಲೇನ್ ಕಂಪ್ಯೂಟರ್ ಹಿಡಿದರು. ಅವರ ಪ್ರೋಗ್ರಾಂ ಹೆಸರು ಲೆಟಾಗ್ರೂಪ್. ಸ್ವೀಡಿಷ್‌ನಲ್ಲಿ 'ಗುಂಡಿ ಹುಡುಕು' ಅಂತ ಅರ್ಥ. ಕೆಲಸ ಮಾಡೋದು ಹೀಗೆ: ಎಲ್ಲ ಕೆ ಗಳಿಗೂ ಒಂದು ಊಹೆ ಕೊಡಿ. ಆ ಊಹೆಯಿಂದ ಪ್ರತಿ ಅಳತೆ ಎಷ್ಟಿರಬೇಕಿತ್ತು ಅಂತ ಲೆಕ್ಕ ಹಾಕಿ, ನಿಜವಾದ ಅಳತೆಯಿಂದ ಕಳೆದು, ವರ್ಗ ಮಾಡಿ, ಎಲ್ಲ ಕೂಡಿಸಿ. ಈ ಮೊತ್ತ ಒಂದು ನೆಲದ ಎತ್ತರ ಅಂತ ತಿಳ್ಕೊಳ್ಳಿ. ಕೆ ಗಳನ್ನು ಸ್ವಲ್ಪ ಸ್ವಲ್ಪ ಅಲುಗಾಡಿಸಿ ಸುತ್ತಲಿನ ಎತ್ತರ ನೋಡಿ, ಅದಕ್ಕೆ ಬಟ್ಟಲಿನಾಕಾರದ ಒಂದು ಮೇಲ್ಮೈ ಹೊಂದಿಸಿ, ಆ ಬಟ್ಟಲಿನ ತಳಕ್ಕೆ ನೆಗೆಯಿರಿ. ಅಲ್ಲಿಂದ ಮತ್ತೆ ಶುರು. ನಮ್ಮ ತಂಡದಲ್ಲಿ ಇವತ್ತು ಮಾಡೆಲ್ ಟ್ರೈನ್ ಮಾಡೋ ಹುಡುಗರು ಹಗಲೂ ರಾತ್ರಿ ಮಾಡ್ತಿರೋದು ಇಂಥದೇ ಗುಂಡಿ ಹುಡುಕಾಟ. ಅರವತ್ತು ವರ್ಷದ ಹಿಂದೆ ಕೆಮಿಸ್ಟ್ರಿಯವರು ಮಾಡ್ತಿದ್ದರು ಅಂದ್ರೆ ಅವರು ನಂಬಲ್ಲ.

ಆ ತಂಡಕ್ಕೆ ಬಂದ ತೊಂದರೆಯೂ ನಮ್ಮದೇ. ಇನ್ನೂ ಒಂದು ಕಾಲ್ಪನಿಕ ಅಯಾನು ಸೇರಿಸಿ, ಅದಕ್ಕೊಂದು ಕೆ ಕೊಡಿ: ತಪ್ಪಿನ ಮೊತ್ತ ಕಮ್ಮಿಯಾಗಬಹುದು, ಜಾಸ್ತಿಯಂತೂ ಆಗಲ್ಲ. ಇನ್ನೊಂದು ಸೇರಿಸಿ, ಇನ್ನೂ ಇಳಿಯುತ್ತದೆ. ಗುಂಡಿ ಆಳವಾಯಿತು ಅಂದ ಮಾತ್ರಕ್ಕೆ ಆ ಅಯಾನು ನಿಜವಾಗಿ ನೀರಿನಲ್ಲಿ ಇದೆ ಅಂತ ಅರ್ಥವಲ್ಲ. ಯಂತ್ರ ಕೊಡುವುದು ನೀವು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ. ಪ್ರಶ್ನೆಯಲ್ಲಿ ಏನು ಸೇರಿಸಬೇಕು, ಏನು ಬಿಡಬಾರದು ಅನ್ನುವುದು ಮನುಷ್ಯನ ಕೆಲಸ.

ಊರಿನ ಬೋರ್‌ವೆಲ್

"ಇದರಿಂದ ಯಾರಿಗೆ ಏನಾಗಬೇಕು ಸಾರ್" ಅನ್ನೋರಿಗೆ ಒಂದೇ ಉದಾಹರಣೆ. ನಮ್ಮ ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ನಮ್ಮ ದೇಶದ ಮಿತಿ. ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡ್ ಎಷ್ಟು ಕರಗಬಹುದು ಅನ್ನುವುದಕ್ಕೂ ಒಂದು ಸ್ಥಿರಾಂಕ ಇದೆ: ನೀರಿನ ಕ್ಯಾಲ್ಸಿಯಂ ಗುಣಿಸು ಫ್ಲೋರೈಡಿನ ವರ್ಗ, ಇದು ಒಂದು ಮಿತಿಯನ್ನು ದಾಟುವಂತಿಲ್ಲ. ಅಂದರೆ ನೀರಿನಲ್ಲಿ ಕ್ಯಾಲ್ಸಿಯಂ ನಾಲ್ಕನೇ ಒಂದು ಪಾಲಿಗೆ ಇಳಿದರೆ ಫ್ಲೋರೈಡ್ ಎರಡು ಪಟ್ಟು ಏರಲು ಜಾಗ ಸಿಗುತ್ತದೆ. ಬೈಕಾರ್ಬನೇಟ್ ಜಾಸ್ತಿ ಇರುವ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕೂತುಬಿಡುತ್ತದೆ. ಅದು ಇನ್ನೊಂದು ಸಮತೋಲನ. ಎರಡೂ ಸೇರಿ ಮಗುವಿನ ಹಲ್ಲಿನ ಮೇಲೆ ಕಂದು ಕಲೆಯಾಗಿ ಕಾಣುತ್ತವೆ, ಮುದುಕರ ಮೂಳೆಯಲ್ಲಿ ನೋವಾಗಿ ಕೂರುತ್ತವೆ. ಅಂಥ ನೀರನ್ನು ಅಳೆಯುವ ಮೇಜಿನ ಮುಂದೆ ಕೂತವನು 'ಬರಬೇಕಾದ' ಸಂಖ್ಯೆ ಬರೆದರೆ ಏನಾಗುತ್ತೆ ಅಂತ ಯೋಚಿಸಿ.

ನನ್ನ ಪೆನ್ಸಿಲ್ ಅಂಕಿ

ಈಗ ನನ್ನ ಕಥೆ. ಎಮ್ಮೆಸ್ಸಿ ಪ್ರಾಕ್ಟಿಕಲ್. ಪ್ರಯೋಗ ಇದೇ, ಎಸ್ಟರ್‌ನ ಸಮತೋಲನ ಸ್ಥಿರಾಂಕ. 0.1 ಮೋಲ್ ಅಸಿಟಿಕ್ ಆಸಿಡ್, 0.1 ಮೋಲ್ ಆಲ್ಕೋಹಾಲ್, ಕ್ರಿಯೆ ಬೇಗ ಆಗಲಿ ಅಂತ ಅರ್ಧ ಮಿಲಿಲೀಟರ್ ಗಾಢ ಹೈಡ್ರೋಕ್ಲೋರಿಕ್ ಆಸಿಡ್. ಬಾಟಲಿಗೆ ಬಿರಡೆ ಹಾಕಿ ಒಂದು ವಾರ ಇಟ್ಟು, ಆಮೇಲೆ ಬ್ಯುರೆಟ್ ಹಿಡಿದು ಉಳಿದ ಆಸಿಡ್ ಎಷ್ಟು ಅಂತ ಟೈಟ್ರೇಷನ್. ಹೈಡ್ರೋಕ್ಲೋರಿಕ್ ಆಸಿಡ್ ತಿಂದ ಕ್ಷಾರವನ್ನು ಕಳೆದೆ. 63.6 ಶೇಕಡಾ ಎಸ್ಟರ್ ಆಗಿತ್ತು. 0.636 ವರ್ಗ ಭಾಗಿಸು 0.364 ವರ್ಗ: ಕೆ 3.05.

ಪಕ್ಕದ ಮೇಜಿನವರೆಲ್ಲ 4 ಅಂತಿದ್ದರು. ಪುಸ್ತಕದಲ್ಲಿ 4. ಮೂರು ಬಂದವನಿಗೆ ಮತ್ತೆ ಒಂದು ವಾರ ಕಾಯುವ ಕೆಲಸ. ನಾನು ಏನು ಮಾಡಿದೆ ಗೊತ್ತಾ? ರೆಕಾರ್ಡ್ ಪುಸ್ತಕದ ಕೊನೆ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ ನಿಜ ಅಂಕಿಯನ್ನು ಅಲ್ಲೇ ಬಿಟ್ಟು, 4 ಬರುವ ಹಾಗೆ ಬ್ಯುರೆಟ್ ಅಂಕಿಯನ್ನು ಹಿಂದಿನಿಂದ ಲೆಕ್ಕ ಹಾಕಿ, ಮುಂದಿನ ಹಾಳೆಯಲ್ಲಿ ಶಾಯಿಯಲ್ಲಿ ಬರೆದೆ. ಪೂರ್ತಿ ಮಾರ್ಕ್ಸ್ ಬಂತು. ನನ್ನ ಕೈ ಸರಿಯಿಲ್ಲ, ಲ್ಯಾಬ್ ಕೆಲಸ ನನಗೆ ಆಗಿಬರಲ್ಲ ಅನ್ನುವ ಭಾವನೆ ಒಳಗೆ ಉಳೀತು. ಸಾಫ್ಟ್‌ವೇರಿಗೆ ಬಂದದ್ದಕ್ಕೆ ನೂರು ಕಾರಣ ಇವೆ, ಅದರಲ್ಲಿ ಇದೂ ಒಂದು.

ಮಗಳ ಪ್ರಶ್ನೆ ಆದಮೇಲೆ ದಾವಣಗೆರೆ ಮನೆಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಅಟ್ಟದ ಮೇಲಿನ ಟ್ರಂಕಿನಲ್ಲಿ ರೆಕಾರ್ಡ್ ಪುಸ್ತಕ ಇದೆಯಾ ನೋಡೋ." "ಅಣ್ಣ, ಅದರಲ್ಲಿ ಗೆದ್ದಲು ಬಿಟ್ಟು ಏನೂ ಇಲ್ಲ" ಅಂದ, ಆದರೂ ಹುಡುಕಿ ಫೋಟೋ ಕಳಿಸಿದ. ಕೊನೆ ಹಾಳೆ ಉಳಿದಿತ್ತು. ಊಟದ ಮೇಜಿನ ಮೇಲೆ ಮಗಳ ಜೊತೆ ಕೂತು ಮತ್ತೆ ಲೆಕ್ಕ ಹಾಕಿದೆ. 3.05. ಅವಳು ಬಾಟಲಿಗೆ ಏನೇನು ಹಾಕಿದ್ದೆ ಅಂತ ಒಂದೊಂದಾಗಿ ಕೇಳಿದಳು. ಹೈಡ್ರೋಕ್ಲೋರಿಕ್ ಆಸಿಡ್ ಅಂದಾಗ "ಅದರಲ್ಲಿ ನೀರು ಇರಲ್ವಾ ಅಪ್ಪ?" ಅಂದಳು.

ಇರುತ್ತೆ. ಗಾಢ ಆಸಿಡ್ ಅಂದರೂ ತೂಕದಲ್ಲಿ 37 ಶೇಕಡಾ ಮಾತ್ರ ಆಸಿಡ್, ಉಳಿದದ್ದು ನೀರು. ಅರ್ಧ ಮಿಲಿಲೀಟರಿನಲ್ಲಿ ಸುಮಾರು 0.37 ಗ್ರಾಂ ನೀರು, ಅಂದರೆ ಸುಮಾರು 0.02 ಮೋಲ್. ಆ ನೀರೂ ಹಿಂದಕ್ಕೆ ತಳ್ಳುವ ಕಡೆಯಲ್ಲೇ ನಿಂತಿದೆ. ನಾನು ಹಾಕಿದ 0.1 ಮೋಲ್ ಆಸಿಡ್‌ಗೆ ಹೋಲಿಸಿದರೆ ಅದು 0.2 ಪಾಲು. ಹಾಗಾದರೆ ಬಾಟಲಿಯಲ್ಲಿದ್ದ ನೀರು 0.636 ಅಲ್ಲ, 0.836. ಈಗ 0.636 ಗುಣಿಸು 0.836, ಭಾಗಿಸು 0.364 ವರ್ಗ. ಫೋನಿನಲ್ಲಿ ಒತ್ತಿ ನೋಡಿ.

4.01.

ಕೈ ಸರಿಯಾಗೇ ಇತ್ತು. ಬ್ಯುರೆಟ್ ಸರಿಯಾಗಿತ್ತು, ಬಾಟಲಿ ಸರಿಯಾಗಿತ್ತು. ತಪ್ಪಿದ್ದು ಲೆಕ್ಕ, ನಾನು ತಿದ್ದಿದ್ದು ಅಳತೆ. ನಿಜವಾಗಿ 4 ಬಂದಿದ್ದ ಅಂಕಿಯನ್ನು ಬಿಟ್ಟು, 4 ಬಂದ ಹಾಗೆ ಕಾಣುವ ಅಂಕಿಯನ್ನು ಬರೆದಿದ್ದೆ. ಪಕ್ಕದ ಮೇಜಿನವರಿಗೆಲ್ಲ ಹೇಗೆ 4 ಬಂತು ಅನ್ನೋದನ್ನ ನಾನೀಗ ಊಹೆ ಮಾಡಬಲ್ಲೆ, ಬಿಡಿ.

"ಹಾಗಾದ್ರೆ ಆ ಮಾರ್ಕ್ಸ್ ನಿನ್ನದಾ?" ಅಂತ ಮಗಳು ಕೇಳಿದಳು. ಶಾಯಿಯ ಅಂಕಿಗೆ ಬಂದ ಮಾರ್ಕ್ಸ್ ಅದು, ನನ್ನದಲ್ಲ ಅಂದೆ. ತಮ್ಮನಿಗೆ ಹೇಳಿ ಆ ಪುಸ್ತಕವನ್ನು ಕೊರಿಯರ್‌ನಲ್ಲಿ ತರಿಸಿಕೊಂಡಿದ್ದೀನಿ. ಆಫೀಸಿನಲ್ಲಿ ಯಾರಾದರೂ "ಈ ನಂಬರ್ ಕ್ಲೈಂಟ್ ಅಂದ್ಕೊಂಡ ಹಾಗಿಲ್ಲ, ಸ್ವಲ್ಪ ನೋಡಿ" ಅಂದಾಗ, ಈಗ ಮೊದಲು ಕೇಳೋದು ಒಂದೇ: ಬಾಟಲಿಯೊಳಗೆ ಲೆಕ್ಕಕ್ಕೆ ಸೇರಿಸದ ನೀರು ಎಲ್ಲಿದೆ?

ನಿಮ್ಮಲ್ಲೂ ಇಂಥ ರೆಕಾರ್ಡ್ ಪುಸ್ತಕ, ಇಂಥ ಪೆನ್ಸಿಲ್ ಅಂಕಿ ಇದ್ದರೆ ಬರೆದು ತಿಳಿಸಿ. ಯಾರದೂ, ಯಾವ ಕಾಲೇಜಿನದೂ ಹೆಸರು ಬೇಡ, ಅಂಕಿ ಸಾಕು. ಒಟ್ಟಿಗೆ ಲೆಕ್ಕ ಹಾಕೋಣ. ಮುಂದಿನ ಸಲ ಸಿಗೋಣ, ನಮಸ್ಕಾರ.